ಮಡಿಸುವ ಚಾಕುವಿನ ಕೀಲು

ಅಲಗು ತನ್ನ ಹಿಡಿಯೊಳಗೇ ಮಡಿಚಿಕೊಂಡು ಕೂರುವ ಚಾಕು ಬಹಳ ಹಳೆಯ ಸಾಧನ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ, ಮೂಳೆಯ ಹಿಡಿಯಿರುವ ಅಂಥ ಒಂದು ಚಾಕು ಕ್ರಿಸ್ತಪೂರ್ವ 6ನೇ ಶತಮಾನದ ಆಸುಪಾಸಿನದು. ರೋಮನ್ನರ ಕಾಲದವೂ ಅನೇಕ ಸಿಕ್ಕಿವೆ. ಹರಿತವಾದದ್ದನ್ನು ಒರೆಯ ಹಂಗಿಲ್ಲದೆ ಜೇಬಿನಲ್ಲೋ ಸೊಂಟದಲ್ಲೋ ಇಟ್ಟುಕೊಂಡು ಓಡಾಡಬೇಕು ಎಂಬುದೇ ಅಂದಿನಿಂದ ಇಂದಿನವರೆಗೆ ಇದರ ಉದ್ದೇಶ. ಪೆನ್ಸಿಲ್ ಕೆತ್ತುವ ಪುಟ್ಟ ಪೆನ್ ಚಾಕುವಿನಿಂದ ಹಿಡಿದು ಅಂಗೈಗಿಂತ ಉದ್ದದ ಹಿಡಿಯುಳ್ಳ ದೊಡ್ಡ ಚಾಕುಗಳವರೆಗೆ ಇದರ ಸಂಸಾರ ಹರಡಿದೆ. ಮುಚ್ಚಿದಾಗ ಸುಮಾರು ನಾಲ್ಕೂವರೆ ಇಂಚು ಅಥವಾ ಅದಕ್ಕಿಂತ ಹೆಚ್ಚು ಉದ್ದವಿರುವ ಹಳೆಯ ಮಾದರಿಯ ಚಾಕುಗಳನ್ನು ಸಂಗ್ರಾಹಕರು ದೊಡ್ಡವುಗಳ ಸಾಲಿಗೆ ಸೇರಿಸುತ್ತಾರೆ. ಇಷ್ಟು ದೊಡ್ಡದಾದಾಗ ಚಾಕು ಜೇಬಿನ ಸಾಮಾನಿಗಿಂತ ಹೆಚ್ಚಾಗಿ ಕೆಲಸದ ಸಾಮಾನಾಗುತ್ತದೆ. ಅದನ್ನು ಕಟ್ಟಿದವನ ಕೈಕೆಲಸ ಎಷ್ಟರಮಟ್ಟಿನದು ಎನ್ನುವುದೂ ಮುಚ್ಚಿಡಲಾಗದಂತೆ ಗೊತ್ತಾಗುತ್ತದೆ.

ಇಂಥ ಚಾಕುವಿನಲ್ಲಿ ಭಾಗಗಳು ಹೆಚ್ಚಿಲ್ಲ. ಅಲಗಿನ ಬುಡ ಹಿಡಿಯೊಳಗೆ ಸೇರಿಕೊಂಡಿರುತ್ತದೆ. ಅದರ ಮೂಲಕ ಅಡ್ಡಲಾಗಿ ಒಂದು ಪಿನ್ನು ಹಾದಿರುತ್ತದೆ. ಹಿಡಿಯ ಎರಡೂ ಮಗ್ಗುಲಿಗೆ ತೆಳುವಾದ ಹಿತ್ತಾಳೆಯ ಅಥವಾ ಉಕ್ಕಿನ ತಗಡು, ಅದರ ಮೇಲೆ ಮರ, ಮೂಳೆ, ಕೊಂಬು ಇಲ್ಲವೇ ಪ್ಲಾಸ್ಟಿಕ್ಕಿನ ಹೊದಿಕೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅಲಗಿನ ಮೇಲೆ. ಆದರೆ ಅಲಗು ಮಾಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಊರಿನ ಕಮ್ಮಾರನೂ ಒಳ್ಳೆಯ ಅಲಗು ಬಡಿದು ಕೊಡಬಲ್ಲ. ಕಷ್ಟವಿರುವುದು ಕೀಲಿನಲ್ಲಿ. ನಾಲ್ಕು ಇಂಚಿನ ಅಲಗಿನ ತುದಿಯಲ್ಲಿ ಸ್ವಲ್ಪ ಒತ್ತಿದರೂ ಆ ಒತ್ತಡ ಹಲವು ಪಟ್ಟಾಗಿ ಮೂರು ಮಿಲಿಮೀಟರ್ ದಪ್ಪದ ಪಿನ್ನಿನ ಮೇಲೆ ಬೀಳುತ್ತದೆ. ಪಿನ್ನಿನ ತೂತು ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಅಲಗು ಅತ್ತಿತ್ತ ಅಲುಗಾಡುತ್ತದೆ. ಬಿಗಿ ಹೆಚ್ಚಾದರೆ ತೆರೆಯಲು ಉಗುರೇ ಕಿತ್ತುಬರಬೇಕು. ಅಲಗು ದೊಡ್ಡದಾದಷ್ಟೂ ಈ ತೊಂದರೆ ಹೆಚ್ಚು. ಬೆಂಗಳೂರಿನ ಪೀಣ್ಯದ ವರ್ಕ್‌ಶಾಪಿನಲ್ಲಿ ಯಾವ ಫಿಟ್ಟರ್ ಕೈಗೆ ಇಂಥ ಚಾಕು ಕೊಟ್ಟರೂ ಅವನು ಮೊದಲು ಅಲಗನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸುತ್ತಾನೆ. ‘ಪ್ಲೇ ಇದೆ’ ಅಥವಾ ‘ಪ್ಲೇ ಇಲ್ಲ’ ಎಂದು ಎರಡು ಮಾತಿನಲ್ಲಿ ತೀರ್ಪು ಕೊಟ್ಟು ಮುಗಿಸುತ್ತಾನೆ. ಸಂಗ್ರಾಹಕರ ಪುಟಗಟ್ಟಲೆ ವರ್ಣನೆಗಿಂತ ಆ ತೀರ್ಪು ಹೆಚ್ಚು ಉಪಯುಕ್ತ.

ತೆರೆದ ಅಲಗನ್ನು ತೆರೆದೇ ಇರುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಬೇರೆ ಬೇರೆ ದೇಶಗಳ ಕುಶಲಿಗಳು ಬೇರೆ ಬೇರೆ ಉತ್ತರ ಕಂಡುಕೊಂಡರು. ಸಾಂಪ್ರದಾಯಿಕ ಚಾಕುಗಳ ಜಾತಿ ವಿಂಗಡಣೆ ಆಗಿರುವುದೂ ಆ ಉತ್ತರಗಳ ಮೇಲೆಯೇ.

ತೀರಾ ಸರಳವಾದದ್ದು ಬರೀ ಘರ್ಷಣೆಯನ್ನು ನಂಬಿದ ಚಾಕು. ಅದರಲ್ಲಿ ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಹಿಡಿಯ ಬಿಗಿಯೇ ಅಲಗನ್ನು ನಿಲ್ಲಿಸಬೇಕು. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಈ ಜಾತಿಯದು. ಮಡಿಸಿದ ತಗಡೇ ಅದರ ಹಿಡಿ, ಅಲಗಿನ ಬುಡದಲ್ಲಿ ಹೆಬ್ಬೆರಳಿಗೊಂದು ಬಾಲ. ತೆರೆದಾಗ ಆ ಬಾಲದ ಮೇಲೆ ಬೆರಳು ಒತ್ತಿಟ್ಟುಕೊಂಡರೆ ಅಲಗು ಮಡಿಚುವುದಿಲ್ಲ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ, ಅವನ ಹೆಸರಿನಿಂದಲೇ ಜಗತ್ತಿಗೆಲ್ಲ ಗೊತ್ತಿರುವ ಮರದ ಹಿಡಿಯ ಚಾಕುವೂ ಮೊದಲಿಗೆ ಇದೇ ಬಗೆಯದಾಗಿತ್ತು. 1955ರಲ್ಲಿ ಅದರ ಕೊರಳಿಗೆ ತಿರುಗಿಸಿ ಬೀಗ ಹಾಕುವ ಉಕ್ಕಿನ ಬಳೆಯೊಂದು ಸೇರಿತು. ಒಪಿನೆಲ್ ಚಾಕುಗಳಿಗೆ ನಂಬರು ಉಂಟು: ಎಲ್ಲೆಡೆ ಓಡಾಡುವ 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, 12ನೇ ನಂಬರಿನದು 12, ಎಲ್ಲಕ್ಕೂ ದೊಡ್ಡದಾದ 13ನೇ ನಂಬರಿನದು 22 ಸೆಂಟಿಮೀಟರ್. ಈ ಚಾಕುವಿಗೆ ಬೆಂಗಳೂರಿನ ಜುಲೈ-ಆಗಸ್ಟ್ ತಿಂಗಳು ಹೇಳಿ ಮಾಡಿಸಿದ್ದಲ್ಲ. ಬೀಚ್ ಮರದ ಹಿಡಿ ತೇವ ಕುಡಿದು ಉಬ್ಬಿ, ಅಲಗನ್ನು ಕಚ್ಚಿ ಹಿಡಿದುಬಿಡುತ್ತದೆ. ಒಣಗುವವರೆಗೆ ಕಾಯುವುದು ಒಂದು ದಾರಿ. ಕೀಲಿನ ಬಳಿಯ ಮರಕ್ಕೆ ಮೊದಲೇ ಎಣ್ಣೆ ಕುಡಿಸಿಡುವುದು ಇನ್ನೊಂದು.

ಎರಡನೆಯ ಬಗೆ ಬೆನ್ನುಸ್ಪ್ರಿಂಗಿನದು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ; ಅದರ ತುದಿ ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಬುಡದ ಚಪ್ಪಟೆ ಮುಖಕ್ಕೆ ಆ ತುದಿ ಕೂತಾಗ ಅಲಗು ಗಟ್ಟಿಯಾಗಿ ನಿಲ್ಲುತ್ತದೆ. ಬೀಗ ಇಲ್ಲದ್ದರಿಂದ ಜೋರಾಗಿ ಹಿಂದಕ್ಕೆ ಒತ್ತಿದರೆ ಮಡಿಚಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ಈ ಕಸುಬಿನ ರಾಜಧಾನಿಯಾಗಿತ್ತು. ಅಲ್ಲಿನ ಜೋಸೆಫ್ ರಾಜರ್ಸ್ ಕಂಪನಿ 1851ರ ಲಂಡನ್ ಮಹಾ ಪ್ರದರ್ಶನಕ್ಕೆಂದು 75 ಅಲಗುಗಳ ಒಂದು ದೈತ್ಯ ಚಾಕು ಮಾಡಿಟ್ಟಿತ್ತು. ಅದು ತೋರಿಕೆಯ ವಸ್ತು, ಯಾರೂ ಅದರಿಂದ ಒಂದು ಸೇಬನ್ನೂ ಹೆಚ್ಚಿರಲಾರರು. ಫ್ರಾನ್ಸಿನ ಲಗ್ಯೋಲ್, ಅಮೆರಿಕದ ರೈತರ ದಪ್ಪ ಅಲಗಿನ ಸೋಡ್‌ಬಸ್ಟರ್, ಎರಡು ಉದ್ದ ಅಲಗುಗಳ ಟ್ರ್ಯಾಪರ್ ಎಲ್ಲವೂ ಈ ಕುಟುಂಬದವೇ. ಈ ಚಾಕುಗಳನ್ನು ತೆರೆಯುವಾಗ, ಮುಚ್ಚುವಾಗ ಬರುವ ‘ಟಕ್’ ಸದ್ದಿಗೆ ಸಂಗ್ರಾಹಕರು ಕಿವಿಗೊಡುತ್ತಾರೆ. ಅದು ಬರೀ ಶೋಕಿಯಲ್ಲ. ಸ್ಪ್ರಿಂಗಿನ ತುದಿಯೂ ಅಲಗಿನ ಬುಡವೂ ಒಂದಕ್ಕೊಂದು ಪೂರ್ತಿ ಕೂತಿದ್ದರೆ ಮಾತ್ರ ಸದ್ದು ಚೊಕ್ಕವಾಗಿ ಬರುತ್ತದೆ. ನಡುವೆ ಕಸವಿದ್ದರೆ, ಸವೆತವಿದ್ದರೆ ಮಂಕಾಗುತ್ತದೆ.

ಮೂರನೆಯದು ಬೀಗದ ಚಾಕು. ಅಮೆರಿಕದ ಬಕ್ ಕಂಪನಿ 1964ರಲ್ಲಿ ತಂದ 110 ನಂಬರಿನ ಚಾಕು ಇದರ ದೊಡ್ಡ ಉದಾಹರಣೆ. ಹಿತ್ತಾಳೆಯ ತುದಿಗಳು, ಮರದ ಹೊದಿಕೆ, ಮೂರೂಮುಕ್ಕಾಲು ಇಂಚಿನ ಅಲಗು, ತೂಕ ಸುಮಾರು 200 ಗ್ರಾಂ. ಬೆನ್ನಿನ ಪಟ್ಟಿಯಲ್ಲಿರುವ ಕೊಕ್ಕೆ ಅಲಗಿನ ಬುಡದ ಕಚ್ಚಿಗೆ ಬೀಳುತ್ತದೆ. ಹಿಡಿಯ ಹಿಂಭಾಗವನ್ನು ಒತ್ತದ ಹೊರತು ಬಿಡುವುದಿಲ್ಲ. ಪ್ಯಾಂಟಿನ ಜೇಬಿನಲ್ಲಿಟ್ಟರೆ ಪ್ಯಾಂಟೇ ಜಾರುವಷ್ಟು ಭಾರವಾದ್ದರಿಂದ ಬೆಲ್ಟಿಗೆ ಸಿಕ್ಕಿಸುವ ಚರ್ಮದ ಒರೆಯೂ ಇದರ ಜೊತೆ ಬರುತ್ತದೆ. ಒರೆ ಬೇಡವೆಂದೇ ಹುಟ್ಟಿದ ಸಾಧನಕ್ಕೆ ಮತ್ತೆ ಒರೆ ಬಂದಂತಾಯಿತು.

ಸ್ಪೇನಿನ ನವಾಹಾ ಹಳೆಯ, ಇವೆಲ್ಲಕ್ಕಿಂತ ಹೆಚ್ಚು ನಾಟಕೀಯವಾದ ಬಗೆ. ಮೀನಿನಂತೆ ಬಳುಕಿದ ಹಿಡಿ, ಉದ್ದನೆಯ ಮೊನಚು ಅಲಗು, ಬುಡದಲ್ಲಿ ಹಲ್ಲುಗಳು. ತೆರೆಯುವಾಗ ಒಂದೊಂದೇ ಹಲ್ಲು ಸ್ಪ್ರಿಂಗಿನ ಕೆಳಗೆ ಹಾದು ‘ಕಟಕಟ’ ಎನ್ನುತ್ತದೆ. ಅಲ್ಬಸೇತೆ ನಗರದಲ್ಲಿ ಈ ಕಸುಬಿಗೆಂದೇ ಒಂದು ಮ್ಯೂಸಿಯಂ ಇದೆ. ನಮ್ಮ ದೇಶದಲ್ಲಿ ಆ ಸದ್ದಿಗೆ ಹೆಸರಾದದ್ದು ಉತ್ತರಪ್ರದೇಶದ ರಾಂಪುರಿ ಚಾಕು. ಒಂಬತ್ತರಿಂದ ಹನ್ನೆರಡು ಇಂಚಿನ ಅಲಗಿನ ರಾಂಪುರಿಯನ್ನು ಹಿಂದಿ ಸಿನಿಮಾದ ಖಳರು ಊರೂರಿಗೆ ಪರಿಚಯಿಸಿದರು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ನಿಷೇಧ ಹೇರಿದ ಮೇಲೆ ಕಸುಬು ಸೊರಗಿತು. 2023ರಲ್ಲಿ ಅದೇ ರಾಂಪುರದ ಚೌಕದಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನು ಸ್ಮಾರಕವಾಗಿ ನಿಲ್ಲಿಸಿದರು. ಕನ್ನಡ ಸಿನಿಮಾ ಈ ವಿಷಯದಲ್ಲಿ ಬೇರೆ ಹಾದಿ ಹಿಡಿಯಿತು. 1995ರ ‘ಓಂ’ ಚಿತ್ರದಿಂದ ಈಚೆಗೆ ನಮ್ಮ ತೆರೆಯ ಮೇಲಿನ ರೌಡಿಗಳ ಕೈಯಲ್ಲಿ ಲಾಂಗು, ಮಚ್ಚುಗಳದ್ದೇ ದರ್ಬಾರು. ಮಡಿಸುವ ಚಾಕುವಿಗೆ ಕನ್ನಡದಲ್ಲಿ ಅಷ್ಟು ಕೆಟ್ಟ ಹೆಸರು ಬಾರದಿರಲು ಇದೂ ಒಂದು ಕಾರಣವಿರಬಹುದು.

ಕರ್ನಾಟಕದಲ್ಲಿ ಗೌರವದ ಅಲಗುಗಳು ಮಡಿಸುವ ಜಾತಿಯವಲ್ಲ. ಕೊಡವರ ಪೀಚೆಕತ್ತಿ ಬೆಳ್ಳಿ ಕಟ್ಟಿನ ಒರೆಯಲ್ಲಿ ಸೊಂಟದ ಪಟ್ಟಿಗೆ ಸೇರುತ್ತದೆ, ಒಡಿಕತ್ತಿ ಬೆನ್ನಿಗೆ. ಹೊಲ, ತೋಟಗಳಲ್ಲಿ ಕುಡುಗೋಲು, ಮಚ್ಚು, ಅಡಿಕೆ ಸುಲಿಯಲು ಮೆಟ್ಟುಗತ್ತಿ. ಅಡುಗೆಮನೆಯಲ್ಲಿ ಈಳಿಗೆಮಣೆ, ಅದರಲ್ಲಿ ಅಲಗು ಮಣೆಯ ಮೇಲೆ ಮಡಿಚಿಕೊಳ್ಳುವ ಬಗೆಯೂ ಉಂಟು. ಹಾಗೆ ನೋಡಿದರೆ ಕನ್ನಡಿಗರ ಮನೆಯ ಅತಿ ದೊಡ್ಡ ಮಡಿಸುವ ಅಲಗು ಇದೇ. ಜೇಬಿಗೆ ಸೇರುವ ಕೀಲಿನ ಸಾಧನವೆಂದರೆ ಎಲೆಅಡಿಕೆ ಸಂಚಿಯ ಅಡಕತ್ತರಿ. ಸುಣ್ಣದ ಡಬ್ಬಿಯ ಪಕ್ಕ ಮಲಗುವ ಅಡಕತ್ತರಿಗೆ ನವಿಲು, ಗಿಳಿ, ಕುದುರೆಯ ಆಕಾರ ಕೊಟ್ಟು ಹಿತ್ತಾಳೆಯಲ್ಲಿ ಎರಕ ಹೊಯ್ದ ಕಾಲವಿತ್ತು. ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂನಲ್ಲಿ ಇಂಥವು ಸಾಲುಸಾಲಾಗಿ ಇವೆ. ಕೀಲಿನ ಸಾಮಾನು ಕೂಡಿಡುವ ಹವ್ಯಾಸಕ್ಕೆ ನಮ್ಮ ಕಡೆಯ ಸಹಜ ಬಾಗಿಲು ಇದು.

ನಿಜವಾದ ಮಡಿಸುವ ಚಾಕು ಇಲ್ಲಿ ಉಳಿದುಕೊಂಡಿರುವುದು ಕೆಲವು ಕಸುಬುಗಳಲ್ಲಿ. ಒಂದು, ಕಸಿ ಕಟ್ಟುವವರದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸುತ್ತಮುತ್ತಲಿನ ನರ್ಸರಿಗಳಲ್ಲಿ, ಕಾಫಿ ಸೀಮೆಯ ತೋಟಗಳಲ್ಲಿ ಕಸಿ ಚಾಕು ದಿನಬಳಕೆಯ ವಸ್ತು. ಅದರ ಅಲಗಿಗೆ ಒಂದೇ ಕಡೆ ಸಾಣೆ. ಇನ್ನೊಂದು ಮುಖ ಸಪಾಟಾಗಿರುತ್ತದೆ. ಮಾವಿನ ಕಡ್ಡಿಯನ್ನು ಓರೆಯಾಗಿ ಒಂದೇ ಎಳೆತಕ್ಕೆ ಕೊಯ್ದಾಗ ಎರಡು ಮುಖಗಳೂ ಗಾಳಿ ಹೋಗದಂತೆ ಕೂಡಬೇಕು; ಎರಡೂ ಕಡೆ ಸಾಣೆಯಿರುವ ಅಲಗು ಕೊಯ್ತದ ನಡುವೆ ಮರದೊಳಕ್ಕೆ ಬಾಗುತ್ತದೆ. ಇನ್ನೊಂದು, ಕೇಬಲ್ ಜೋಡಿಸುವ ಎಲೆಕ್ಟ್ರಿಷಿಯನ್ನರ ದಪ್ಪ ಅಲಗಿನ ಚಾಕು. ಮೂರನೆಯದು ಸೈನಿಕರದು. 1809ರಿಂದ ದಂಡು ಬೀಡುಬಿಟ್ಟ ಊರಾದ ಬೆಂಗಳೂರಿನಲ್ಲಿ, ಎರಡನೇ ಮಹಾಯುದ್ಧದ ಕಾಲದ ‘ಮಿಲಿಟರಿ ಚಾಕು’ ಹಳೆ ಸಾಮಾನಿನ ರಾಶಿಯಲ್ಲಿ ಆಗೀಗ ತಲೆಯೆತ್ತುತ್ತದೆ: ದಪ್ಪ ಅಲಗು, ಡಬ್ಬಿ ಕೊಯ್ಯುವ ಕೊಕ್ಕು, ಹಗ್ಗದ ಗಂಟು ಬಿಡಿಸುವ ಉದ್ದನೆಯ ಮೊಳೆ, ತೂಗುಹಾಕಲು ಒಂದು ಬಳೆ. ಮೇಲೆ ಬಾಣದ ಗುರುತಿದ್ದರೆ ಅದು ಸರ್ಕಾರಿ ಸ್ವತ್ತಾಗಿತ್ತೆಂದು ಅರ್ಥ.

ಗೋದಾಮುಗಳಲ್ಲಿ, ಪ್ಯಾಕಿಂಗ್ ಮೇಜುಗಳಲ್ಲಿ ಈಗ ಕಾಣುವುದು ಚಾಕುವಲ್ಲ, ಕಟ್ಟರ್. ಅಲಗಿನ ತುದಿ ಮೊಂಡಾದರೆ ಮುರಿದು ಎಸೆದು ಮುಂದಿನ ತುಂಡಿನಿಂದ ಕೆಲಸ ಮಾಡುವ ಈ ಸಾಧನವನ್ನು 1956ರಲ್ಲಿ ಕಂಡುಹಿಡಿದವನು ಜಪಾನಿನ ಯೋಶಿಯೋ ಒಕಾಡ. ವೈಟ್‌ಫೀಲ್ಡ್-ಹೊಸಕೋಟೆ ಕಡೆಯ ಆನ್‌ಲೈನ್ ಮಾರಾಟದ ಗೋದಾಮುಗಳಲ್ಲಿ ದಿನವಿಡೀ ರಟ್ಟಿನ ಪೆಟ್ಟಿಗೆ ಬಿಚ್ಚುವವರಿಗೆ ಸಾಣೆ ಹಿಡಿಯುವ ಪುರುಸೊತ್ತಿಲ್ಲ; ರಟ್ಟು ಎಂಥ ಅಲಗನ್ನೂ ಬಲುಬೇಗ ಮೊಂಡು ಮಾಡುತ್ತದೆ. ಆ ಕೆಲಸಕ್ಕೆ ಕಟ್ಟರ್ ಸರಿಯಾದ ಸಾಧನ ಎನ್ನುವುದನ್ನು ಚಾಕುಪ್ರಿಯರೂ ಒಪ್ಪಬೇಕು. ಆದರೆ ದಪ್ಪ ನಾರಿನ ಹಗ್ಗ, ಚರ್ಮದ ಬೆಲ್ಟು, ರಬ್ಬರ್ ಹೋಸ್, ಮರದ ಬೆಣೆಗಳಿಗೆ ಬಂದಾಗ ಕಟ್ಟರಿನ ತೆಳು ತಗಡು ಬಳುಕಿ ಮುರಿಯುತ್ತದೆ, ಮುರಿದ ಚೂರು ಕಣ್ಣಿಗೆ ಹಾರುವ ಅಪಾಯವೂ ಇದೆ. ದೊಡ್ಡ ಮಡಿಸುವ ಚಾಕುವಿಗೆ ಉಳಿದಿರುವ ಜಾಗ ಇದು, ಸಣ್ಣದಾದರೂ ಗಟ್ಟಿ ಜಾಗ.

ಉಕ್ಕಿನ ವಿಷಯಕ್ಕೆ ಬಂದರೆ ಬೆಂಗಳೂರಿನ ಹೊರವಲಯಕ್ಕೆ ಹಳೆಯ ಹಕ್ಕಿದೆ. ಪೀಣ್ಯ ಕೈಗಾರಿಕಾ ಪ್ರದೇಶ ಇರುವುದು ತುಮಕೂರು ರಸ್ತೆಯಲ್ಲಿ. ಅತ್ತ ತುಮಕೂರು ಜಿಲ್ಲೆಯ ಚೆನ್ನರಾಯನದುರ್ಗದ ಸೀಮೆ, ಇತ್ತ ಮಾಗಡಿ ಸೀಮೆ. 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲೆಲ್ಲ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ಕಣ್ಣಾರೆ ಕಂಡು ಬರೆದಿಟ್ಟ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಕಡ್ಡಿಯ ಇದ್ದಿಲು ಕಬ್ಬಿಣದೊಳಗೆ ಸೇರಿ ಅದು ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ಸಂಗೀತವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನೂ ಅವನು ಕಂಡಿದ್ದ. ಆ ಕುಲುಮೆಗಳು ಆರಿ ಬಹುಕಾಲವಾದ ಮೇಲೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು, 1953ರಲ್ಲಿ. ಪೀಣ್ಯದ ಸಣ್ಣ ಕಾರ್ಖಾನೆಗಳು ಬೆಳೆದದ್ದು ಇಂಥ ದೊಡ್ಡ ಕಾರ್ಖಾನೆಗಳ ನೆರೆಯಲ್ಲಿ.

ಚಾಕು ಸಂಗ್ರಾಹಕರು ತಲೆಕೆಡಿಸಿಕೊಳ್ಳುವ ಉಕ್ಕುಗಳಲ್ಲಿ ಹಲವು ಪೀಣ್ಯದ ಓಣಿಗಳಲ್ಲಿ ಬೇರೆ ಹೆಸರಿನಲ್ಲಿ ಓಡಾಡುತ್ತವೆ. ಈಗ ಚಾಕು ಜಗತ್ತಿನಲ್ಲಿ ಬೆಲೆಗೆ ತಕ್ಕ ಮಾಲೆಂದು ಹೆಸರಾದ ಡಿ-2, ಪ್ರೆಸ್ ಟೂಲ್ ಮಾಡುವವರ ಬಾಯಲ್ಲಿ ಎಚ್‌ಸಿಎಚ್‌ಸಿಆರ್. ಸುಮಾರು ಶೇ 1.5 ಇಂಗಾಲ, ಶೇ 12 ಕ್ರೋಮಿಯಂ ಇರುವ ಇದು ತಗಡು ಕತ್ತರಿಸುವ ಡೈಗಳಿಗೆ ಬಳಕೆಯಾಗುವ ಉಕ್ಕು. ಸವೆಯುವುದು ನಿಧಾನ, ಸಾಣೆಗೆ ಬಗ್ಗುವುದೂ ನಿಧಾನ. ಬೇರಿಂಗಿನ ಇಎನ್-31 ಸುಮಾರು ಶೇ 1ರಷ್ಟು ಇಂಗಾಲದ ಉಕ್ಕು, ನಯವಾದ ಅಂಚು ಹಿಡಿಯುತ್ತದೆ, ಆದರೆ ತುಕ್ಕಿಗೆ ಸುಲಭದ ತುತ್ತು. ಕಮ್ಮಾರರು ಮಚ್ಚಿಗೆ ಬಳಸುವ ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ ಅದರ ಅರ್ಧದಷ್ಟು. ಪೆಟ್ಟು ತಡೆಯುತ್ತದೆ, ತೆಳು ಅಂಚು ಬಹಳ ಹೊತ್ತು ನಿಲ್ಲುವುದಿಲ್ಲ. ಯಾವ ಉಕ್ಕಾದರೂ ಹದ ತಪ್ಪಿದರೆ ಪ್ರಯೋಜನವಿಲ್ಲ. ರಾಕ್‌ವೆಲ್ ಅಳತೆಯಲ್ಲಿ 56ರಿಂದ 60ರವರೆಗೆ ಅಲಗಿನ ಗಡಸುತನ ಇರಬೇಕು. ಬೆನ್ನುಸ್ಪ್ರಿಂಗಿನದು ಅದಕ್ಕಿಂತ ಹಲವು ಅಂಕ ಕಡಿಮೆ, ಇಲ್ಲದಿದ್ದರೆ ಬಾಗುವ ಬದಲು ಮುರಿಯುತ್ತದೆ.

ಇದನ್ನೆಲ್ಲ ಬಲ್ಲವರು ಪೀಣ್ಯದಲ್ಲೇ ಒಂದು ಚಾಕು ಮಾಡಿಸಿಕೊಳ್ಳಬಹುದಲ್ಲ ಎಂದು ಯಾರಿಗಾದರೂ ತೋಚೀತು. ಒಂದು ಓಣಿಯಲ್ಲಿ ವೈರ್ ಕಟ್, ಪಕ್ಕದ ಓಣಿಯಲ್ಲಿ ಹೀಟ್ ಟ್ರೀಟ್‌ಮೆಂಟ್, ಅದರಾಚೆ ಸರ್ಫೇಸ್ ಗ್ರೈಂಡಿಂಗ್ ಎಲ್ಲವೂ ಇದೆ. ತೊಂದರೆ ಎಲ್ಲಿ ಎಂದರೆ, ಜಾಬ್ ವರ್ಕ್ ಮಾಡುವವರಿಗೆ ಒಂದೇ ಒಂದು ಪೀಸಿನ ಕೆಲಸ ಲಾಭದ್ದಲ್ಲ. ಸೆಟ್ಟಿಂಗಿಗೆ ಹೋಗುವ ಹೊತ್ತು ಸಾವಿರ ಪೀಸಿಗೂ ಅಷ್ಟೇ, ಒಂದಕ್ಕೂ ಅಷ್ಟೇ. ಇನ್ನು ಬೆನ್ನುಸ್ಪ್ರಿಂಗಿನ ಚಾಕುವಿನ ಕೊನೆಯ ಹೊಂದಾಣಿಕೆ ಯಂತ್ರದಲ್ಲಿ ಮುಗಿಯುವುದಿಲ್ಲ. ಅಲಗು ಪೂರ್ತಿ ತೆರೆದಾಗ, ಅರ್ಧ ತೆರೆದಾಗ, ಮುಚ್ಚಿದಾಗ, ಮೂರೂ ಸ್ಥಿತಿಯಲ್ಲಿ ಸ್ಪ್ರಿಂಗಿನ ಬೆನ್ನು ಹಿಡಿಯ ಬೆನ್ನಿಗೆ ಸಮವಾಗಿ ನಿಲ್ಲಬೇಕು. ಅದಕ್ಕೆ ಪಿನ್ನು ತಾತ್ಕಾಲಿಕವಾಗಿ ತೂರಿಸಿ, ಡಯಲ್ ಗೇಜಿನ ಮುಳ್ಳು ನೋಡಿ, ಬಿಚ್ಚಿ, ಅಲಗಿನ ಬುಡವನ್ನು ಅರದಿಂದ ಒಂದೆರಡು ಸಲ ಉಜ್ಜಿ, ಮತ್ತೆ ಜೋಡಿಸಿ ನೋಡಬೇಕು. ಒಂದು ಮುಖದಲ್ಲಿ ಹೆಚ್ಚು ಉಜ್ಜಿದರೆ ಉಳಿದೆರಡರ ಲೆಕ್ಕ ಕೆಡುತ್ತದೆ. ಶೆಫೀಲ್ಡಿನ ಹಳಬರು ಇದನ್ನು ಗೇಜಿಲ್ಲದೆ, ಬೆರಳ ತುದಿಯಲ್ಲೇ ಮಾಡುತ್ತಿದ್ದರು. ಹಳೆಯ ಚಾಕುವಿನ ಬೆನ್ನ ಮೇಲೆ ಉಗುರು ಹಾಯಿಸಿದಾಗ ಎಲ್ಲಿಯೂ ತಡೆಯದೆ ಜಾರಿದರೆ ಅದು ಒಳ್ಳೆಯ ಕೈ ಮಾಡಿದ ಕೆಲಸ. ಕೊಳ್ಳುವ ಮುನ್ನ ಮಾಡಬಹುದಾದ ಅತಿ ಅಗ್ಗದ ಪರೀಕ್ಷೆಯೂ ಇದೇ.

ಬಳಕೆಯಲ್ಲಿ ದೊಡ್ಡ ಚಾಕುವಿನ ಲಾಭ ಉದ್ದದ್ದು. ಕಲ್ಲಂಗಡಿ, ಅನಾನಸ್, ದಪ್ಪ ಬ್ರೆಡ್ಡು, ಸಂಕ್ರಾಂತಿಯ ಕಬ್ಬಿನ ಸಿಪ್ಪೆ ಇವಕ್ಕೆ ನಾಲ್ಕೈದು ಇಂಚಿನ ಅಲಗು ಹೇಳಿ ಮಾಡಿಸಿದ ಹಾಗಿರುತ್ತದೆ. ಹಲಸಿನ ಹಣ್ಣು ಮಾತ್ರ ಮಡಿಸುವ ಚಾಕುವಿನ ಶತ್ರು. ಅಲಗಿಗೆ ಕೊಬ್ಬರಿ ಎಣ್ಣೆ ಸವರಿಕೊಂಡರೂ ಹಲಸಿನ ಮೇಣ ಹಿಡಿಯೊಳಗಿನ ಸಂದಿಗೆ ಇಳಿದು, ಒಣಗಿ, ಕೀಲನ್ನು ಅಂಟಿನಂತೆ ಬಂಧಿಸುತ್ತದೆ. ಆಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಕಡ್ಡಿಯಿಂದ ಕೆದಕಿ ತೆಗೆಯುವ ಶ್ರಮ ಯಾರಿಗೂ ಬೇಡ. ಹಲಸಿಗೆ ಮಚ್ಚೇ ಸರಿ. ಮಾವಿನಕಾಯಿ, ನಿಂಬೆ, ಹುಣಸೆ ಹೆಚ್ಚಿದರೆ ಇಂಗಾಲದ ಉಕ್ಕಿನ ಅಲಗು ನಿಮಿಷಗಳಲ್ಲಿ ನೀಲಿಗಪ್ಪಾಗುತ್ತದೆ. ಅದು ಕೊಳೆಯಲ್ಲ, ತುಕ್ಕೂ ಅಲ್ಲ; ಹಾಗೆಯೇ ಬಿಟ್ಟರೆ ಕೆಂಪು ತುಕ್ಕಿಗೆ ಸ್ವಲ್ಪಮಟ್ಟಿಗೆ ತಡೆಯಾಗುತ್ತದೆ. ಬೀಗವಿಲ್ಲದ ಚಾಕುವಿನ ಮೊನೆಯಿಂದ ತೂತು ಕೊರೆಯಲು ಹೋಗಬಾರದು. ಬೀಗವಿದ್ದರೂ ಅಲಗಿನ ಬೆನ್ನಿಗೆ ಸುತ್ತಿಗೆ ಬಡಿಯಬಾರದು. ಹೀಗೆ ಮಾಡಿದಾಗ ಮುರಿಯುವುದು ಕೀಲು, ಕೊಯ್ಯುವುದು ಬೆರಳು.

ಸಾಣೆಗೆ ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಸಾಣೆಕಲ್ಲು ಸಾಕು. ಒಂದು ಮುಖ ಉರುಟು, ಇನ್ನೊಂದು ನಯ. ಅಲಗನ್ನು ಕಲ್ಲಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ ಹಿಡಿದು ನೀರು ಹಾಕುತ್ತಾ ಎಳೆಯಬೇಕು. ಬೀದಿಯಲ್ಲಿ ಸೈಕಲ್ ಚಕ್ರದ ಸಾಣೆ ತರುವವರು ಅಡುಗೆಮನೆಯ ಚಾಕುವಿಗೆ ಮೋಸ ಮಾಡುವುದಿಲ್ಲ. ಆದರೆ ಸಂಗ್ರಹದ ಚಾಕುವನ್ನು ಅವರ ಕೈಗೆ ಕೊಡುವುದು ಬೇಡ. ಒಣ ಚಕ್ರದಲ್ಲಿ ಅಂಚು ಕಾದು ನೀಲಿಯಾದರೆ ಹದ ಹೋಯಿತೆಂದೇ ಲೆಕ್ಕ. ಆಮೇಲೆ ಎಷ್ಟು ಮಸೆದರೂ ಆ ಭಾಗ ಹರಿತ ಹಿಡಿದಿಟ್ಟುಕೊಳ್ಳುವುದಿಲ್ಲ.

ಕಾನೂನು ಇಲ್ಲಿ ಅಳತೆಪಟ್ಟಿ ಹಿಡಿದು ನಿಂತಿದೆ. 1959ರ ಆಯುಧ ಕಾಯ್ದೆ ಮನೆಬಳಕೆ ಮತ್ತು ಕೃಷಿಗೆಂದೇ ಮಾಡಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಆಯುಧ ನಿಯಮಗಳ ಪಟ್ಟಿಯಲ್ಲಿ ಚಾಕುಗಳ ಬಗ್ಗೆ ಹೇಳುವಾಗ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಎಂಬ ಮಿತಿ ಬರುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆಂದು ಮಾಡಿದವಕ್ಕೆ ಅಲ್ಲೂ ವಿನಾಯಿತಿ ಇದೆ. 22 ಸೆಂಟಿಮೀಟರಿನ 13ನೇ ನಂಬರಿನ ಒಪಿನೆಲ್ ಕೂಡ ಈ ಗೆರೆಯ ಒಳಗೇ, ಒಂದು ಸೆಂಟಿಮೀಟರಿನಷ್ಟೂ ಅಂತರವಿಲ್ಲದೆ ನಿಲ್ಲುತ್ತದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ಮಾತು ಬದಲಾಗುತ್ತದೆ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಸ್ಪ್ರಿಂಗ್, ಬಟನ್, ಹಲ್ಲುಚಕ್ರ ಮುಂತಾದ ಯಾಂತ್ರಿಕ ವ್ಯವಸ್ಥೆಯಿಂದ ತೆರೆಯುವ-ಮುಚ್ಚುವ ಚಾಕುಗಳಿಗೆ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದ ಗಡಿ ಹಾಕಿದೆ. ಬೆಂಗಳೂರಿನಲ್ಲಿ ತಕರಾರಿಲ್ಲದ ಚಾಕು ಅಲ್ಲಿ ಪ್ರಕರಣವಾಗಬಹುದು. ಅಳತೆಯೊಳಗಿದೆ ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಒಯ್ಯಬಹುದು ಎಂದೂ ಅಲ್ಲ. ಚುನಾವಣೆ, ಗಲಭೆಗಳ ಸಮಯದ ನಿಷೇಧಾಜ್ಞೆಯಲ್ಲಿ ಸಾರ್ವಜನಿಕವಾಗಿ ಚಾಕು ಹಿಡಿದು ಓಡಾಡುವುದಕ್ಕೂ ತಡೆ ಇರುತ್ತದೆ. ರಾತ್ರಿ ಬೈಕಿನಲ್ಲಿ ಹೋಗುವವನ ಸೊಂಟದಲ್ಲಿ ದೊಡ್ಡ ಚಾಕು ಸಿಕ್ಕರೆ ಪೊಲೀಸರು ಮೊದಲು ಕೇಳುವುದು ಅಲಗಿನ ಉದ್ದವನ್ನಲ್ಲ, ಯಾಕೆ ಇಟ್ಟುಕೊಂಡಿದ್ದೀಯ ಎಂದು.

ದಿನನಿತ್ಯದ ಓಡಾಟದ ದಾರಿಗಳೂ ಮುಚ್ಚಿವೆ. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊ ಬಂತು. ಮೂರೂ ಕಡೆ ಚೀಲ ಸ್ಕ್ಯಾನರಿನ ಮೂಲಕ ಹಾದೇ ಹೋಗಬೇಕು. ಐಟಿ ಪಾರ್ಕುಗಳ ಗೇಟಿನಲ್ಲೂ ಅದೇ ಪಾಡು. ವಿಮಾನದಲ್ಲಿ ಕೈಚೀಲಕ್ಕೆ ಚಾಕು ನಿಷಿದ್ಧ, ಚೆಕ್-ಇನ್ ಲಗೇಜಿನಲ್ಲಿ ಹಾಕಬಹುದು. ಹೀಗಾಗಿ ಬೆಂಗಳೂರಿನ ಈ ಹೊರವಲಯದ ದೊಡ್ಡ ಚಾಕುಗಳ ಬಾಳುವೆ ಬಹುಪಾಲು ಮನೆಯ ಡ್ರಾಯರಿನಲ್ಲಿ, ತೋಟದಲ್ಲಿ, ವಾರಾಂತ್ಯದ ಚಾರಣದ ಚೀಲದಲ್ಲಿ.

ಸಂಗ್ರಹಕ್ಕೆ ಇಳಿಯುವವರು ಒಂದು ಜಾಡು ಹಿಡಿಯುವುದು ಒಳ್ಳೆಯದು: ಒಂದೇ ಬಗೆಯ ಬೀಗ, ಒಂದೇ ಊರಿನ ತಯಾರಿಕೆ, ಅಥವಾ ಒಂದೇ ಕಸುಬಿನ ಚಾಕು. ಸಿಕ್ಕಿದ್ದೆಲ್ಲ ಕೊಂಡರೆ ಗುಜರಿ ಅಂಗಡಿಯಾದೀತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಂಥ ಕಡೆ ಹಳೆಯ ಉಪಕರಣಗಳ ನಡುವೆ ಅಪರೂಪಕ್ಕೆ ಒಳ್ಳೆಯದು ಸಿಗುತ್ತದೆ. ಹಳತೆಂದು ಹೇಳಿ ಹೊಸದನ್ನು ಮಾರುವುದು ಅದಕ್ಕಿಂತ ಹೆಚ್ಚು. ಅಲಗಿನ ಬುಡದ ಮುದ್ರೆ ಆಳವಾಗಿ, ಅಂಚುಗಳು ಸವೆದು ಕಾಣಬೇಕು. ಅಲಗು ಹಳತಾಗಿ ಪಿನ್ನಿನ ತಲೆ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿ ಕಟ್ಟಿದ್ದಾರೆ. ಲಗ್ಯೋಲ್ ಎಂಬ ಹೆಸರಿಗೆ ದೀರ್ಘಕಾಲ ರಕ್ಷಣೆಯೇ ಇರಲಿಲ್ಲ. ಜೇನುಹುಳುವಿನ ಗುರುತಿದ್ದ ಮಾತ್ರಕ್ಕೆ ಅದು ಫ್ರಾನ್ಸಿನದೆಂದು ನಂಬಬೇಕಿಲ್ಲ.

ಹಿಡಿಯ ವಸ್ತುವಿನ ಬಗ್ಗೆ ಎಚ್ಚರ ಬೇಕು. ಶೆಫೀಲ್ಡ್, ಜರ್ಮನಿ, ಅಮೆರಿಕದ ಹಳೆಯ ದುಬಾರಿ ಚಾಕುಗಳಲ್ಲಿ ಹಲವಕ್ಕೆ ಭಾರತದಿಂದ ಹೋದ ಕಡವೆಯ ಕೊಂಬೇ ಹಿಡಿ. ಭಾರತ ರಫ್ತು ನಿಲ್ಲಿಸಿದ ಮೇಲೆ ಅಂಥವುಗಳ ಬೆಲೆ ಏರಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಆನೆದಂತ, ಕಡವೆ ಕೊಂಬಿನ ಹಿಡಿಯ ಚಾಕುವನ್ನು ಕೊಳ್ಳುವುದು, ಮಾರುವುದು ತೊಂದರೆಯನ್ನು ದುಡ್ಡು ಕೊಟ್ಟು ತಂದಂತೆ. 2023ರಲ್ಲಿ ಹುಲಿಯುಗುರಿನ ಪೆಂಡೆಂಟುಗಳ ಪ್ರಕರಣಗಳು ಸುದ್ದಿಯಾದ ಮೇಲೆ, ಇಂಥ ವಸ್ತುಗಳನ್ನು ಹಿಂದಿರುಗಿಸಲು ರಾಜ್ಯ ಸರ್ಕಾರ 2024ರಲ್ಲಿ ಕಾಲಾವಕಾಶವನ್ನೂ ಕೊಟ್ಟಿತ್ತು. ದನದ ಮೂಳೆ, ಎಮ್ಮೆ ಕೊಂಬು, ಬೀಟೆ ಮರದ ಹಿಡಿಗಳಿಗೆ ಈ ಭಯವಿಲ್ಲ.

ಸಂಗ್ರಹವನ್ನು ಹಾಳು ಮಾಡುವುದರಲ್ಲಿ ತುಕ್ಕಿಗಿಂತ ಕಪಟಿ ಸೆಲ್ಯುಲಾಯ್ಡ್. ಕಳೆದ ಶತಮಾನದ ಮೊದಲರ್ಧದ ಚಾಕುಗಳಿಗೆ ಆಮೆಚಿಪ್ಪಿನ, ಮುತ್ತಿನ ಬಣ್ಣ ಬರಲೆಂದು ಹೊದಿಸುತ್ತಿದ್ದ ಈ ಪ್ಲಾಸ್ಟಿಕ್ ವಯಸ್ಸಾದಂತೆ ಕೊಳೆತು ಆಮ್ಲದ ಆವಿ ಬಿಡುತ್ತದೆ. ಅದೇ ಪೆಟ್ಟಿಗೆಯ ಉಳಿದ ಅಲಗುಗಳೆಲ್ಲ ಕೆಲವೇ ತಿಂಗಳಲ್ಲಿ ಕೆಂಪಾಗುತ್ತವೆ. ಹಿಡಿ ಬಿರುಕು ಬಿಟ್ಟು ಕಟುವಾಸನೆ ಬಂದರೆ ಆ ಚಾಕುವನ್ನು ಬೇರೆ ಕೋಣೆಗೆ ಸಾಗಿಸಬೇಕು. ಚರ್ಮದ ಒರೆಯಲ್ಲಿಟ್ಟ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಒರೆಯನ್ನೂ ಚಾಕುವನ್ನೂ ಬೇರೆ ಬೇರೆ ಇಡುವುದು ಲೇಸು. ಕೀಲಿಗೆ ಕೊಬ್ಬರಿ ಎಣ್ಣೆ ಹಾಕಿದರೆ ಡಿಸೆಂಬರಿನಲ್ಲಿ ಹೆಪ್ಪುಗಟ್ಟಿ, ಮುಂದೆ ಕಮಟು ಹಿಡಿದು ಜಿಗುಟಾಗುತ್ತದೆ. ಹೊಲಿಗೆ ಯಂತ್ರದ ಮಿಷನ್ ಎಣ್ಣೆ ಒಂದೇ ಒಂದು ಹನಿ ಸಾಕು. ಪೆಟ್ಟಿಗೆಯಲ್ಲಿ ತೇವ ಹೀರಲು ಸಿಲಿಕಾ ಜೆಲ್ ಬೇಕು. ಎಲೆಕ್ಟ್ರಾನಿಕ್ ಸಾಮಾನಿನ ಜೊತೆ ಬರುವ, ಎಲ್ಲರೂ ಬಿಸಾಡುವ ಪುಟ್ಟ ಪೊಟ್ಟಣಗಳೇ ಇದಕ್ಕೆ ಆಗುತ್ತವೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲ ಚಾಕುಗಳನ್ನೂ ತೆರೆದು, ಒರೆಸಿ, ಎಣ್ಣೆ ಮುಟ್ಟಿಸಿ ಇಡಬೇಕು. ಬೆನ್ನುಸ್ಪ್ರಿಂಗಿನ ಚಾಕುವನ್ನು ನಿಲುಗಡೆಗಳ ನಡುವೆ ಅರೆಬರೆ ತೆರೆದು ಬಿಡಬಾರದು; ಆ ಸ್ಥಿತಿಯಲ್ಲಿ ಸ್ಪ್ರಿಂಗ್ ಹೆಚ್ಚಿನ ಎಳೆತದಲ್ಲಿರುತ್ತದೆ.